ಕೊಸರಿಗೆ ಬಂದ ಹಾಡು

ಹುಬ್ಬಳ್ಳಿಯ ಹಾಡುಪೇಟೆಯಲ್ಲಿ ಶಾವಂತ್ರೆವ್ವ ಶುಕ್ರವಾರದ ತಾಜಾ ಹಾಡುಗಳನ್ನು ಹೂವಿನಂತೆ ಮೊಳ ಹಾಕಿ ಮಾರುತ್ತಿದ್ದಳು. ಗದಗಿನ ಮೂವರು ಹೊಸ ಹುಡುಗಿಯರ ರಾಕ್ ಹಾಡನ್ನು ಮಾತ್ರ ಯಾರೂ ಮೂಸಿಯೂ ನೋಡಿರಲಿಲ್ಲ. ಸಂಜೆಯೊಳಗೆ ಒಬ್ಬರಾದರೂ ಗುನುಗದಿದ್ದರೆ ಅದು ಬಾಡಿಹೋಗುತ್ತದೆ. ಅವಳು ಅದರ ಮೇಲೆ ಮತ್ತೊಮ್ಮೆ ನೀರು ಚಿಮುಕಿಸಿದಳು.

ಹೆಸರಾಂತ ಗಾಯಕನೊಬ್ಬನ ಹಾಡನ್ನು ಎರಡು ಮೊಳ ಕೊಂಡ ಬಸ್ ಕಂಡಕ್ಟರ್ ಫಕೀರಪ್ಪ, "ಕೊಸರು ಹಾಕಬೇ" ಎಂದ. ಅವಳು ಗದಗಿನ ಹಾಡಿನಿಂದ ಗೇಣುದ್ದ ಹರಿದು ಕೊಟ್ಟಳು. ಅವನು ಅದನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಹೋದ.

ಹೊತ್ತು ಇಳಿಯುವಾಗ ಫಕೀರಪ್ಪ ಗುನುಗುತ್ತಲೇ ಓಡಿಬಂದ. ಹಿಂದೆ ಅರ್ಧ ಬಸ್ಸೇ ಗುನುಗುತ್ತಿತ್ತು.

"ಯವ್ವಾ, ಆ ಕೊಸರು ಎಲ್ಲಿಗೆ ಮುಗೀತಲ್ಲ, ಅಲ್ಲಿಂದ ಮುಂದಿಂದೆಲ್ಲಾ ಕೊಡಬೇ!"

ಶಾವಂತ್ರೆವ್ವ ನಗುತ್ತಾ ಉಳಿದ ಹಾಡನ್ನೆಲ್ಲ ಬಾಳೆ ಎಲೆಯಲ್ಲಿ ಸುತ್ತಿದಳು. ಕೊಸರಿಗೆಂದು ಹೆಸರಾಂತ ಗಾಯಕನದೊಂದು ಗೇಣು ಹಾಕಿದಳು.