ಒತ್ತದ ಕೆಂಪು ಗುಂಡಿ

ಆ ದಿನವೂ ಠಾಕಪ್ಪ ಕೆಂಪು ಗುಂಡಿ ಒತ್ತಲಿಲ್ಲ.

ಅವನ ಕೆಲಸ ಇಷ್ಟೇ. ಗೋವಾದ ಕೆಪೆ ಊರಿನ ಒಂದು ಶೆಡ್ಡಿನಲ್ಲಿ ಎರಡು ಉಕ್ಕಿನ ಕೈಗಳು ಬಟ್ಟೆಗೆ ಕನ್ನಡಿ ಕೂರಿಸಿ ಕಸೂತಿ ಹಾಕುತ್ತವೆ. ಎದುರಿಗೆ ಕುಳಿತು ನೋಡಬೇಕು. ಸರಿಯಿದ್ದರೆ ಹಸಿರು ಗುಂಡಿ, ತಪ್ಪಿದ್ದರೆ ಕೆಂಪು. ಕೆಂಪು ಬಿದ್ದದ್ದನ್ನು ಯಂತ್ರ ಮರೆತೇ ಬಿಡುತ್ತದೆ. ಇಪ್ಪತ್ತು ವರ್ಷ ಕೋಲ್ವಾ ಬೀಚಿನಲ್ಲಿ ಲಂಬಾಣಿ ಚೀಲ ಮಾರಿದ ಕಣ್ಣು ಅವನದು. ದಾರ ಕೊಂಚ ಸಡಿಲಾದರೂ ಟಕ್ಕನೆ ಕೆಂಪು!

ಒಂದೇ ಒಂದು ತಪ್ಪನ್ನು ಮಾತ್ರ ಬೇಕೆಂದೇ ಬಿಡುತ್ತಿದ್ದ. ಏಳೆಂಟು ಹೊಲಿಗೆ ಆಗುತ್ತಲೇ ಯಂತ್ರದ ಬಲಗೈ ಸೂಜಿಯನ್ನು ಮೇಲಕ್ಕೊಯ್ದು, ಗಾಳಿಯಲ್ಲಿ ಎರಡು ಸಲ ಆಡಿಸಿ, ಮತ್ತೆ ಕೆಳಗಿಳಿಯುತ್ತಿತ್ತು. ಅಲ್ಲಿ ಬಟ್ಟೆಯೂ ಇಲ್ಲ, ಏನೂ ಇಲ್ಲ. ಶುದ್ಧ ದಂಡ. ಅದಕ್ಕೂ ಠಾಕಪ್ಪನದು ಹಸಿರು.

ಯಂತ್ರ ಪೂರ್ತಿ ಕಲಿತರೆ ತನ್ನ ಕೆಲಸ ಹೋಗುತ್ತದೆಂದು ಮುದುಕ ಆಟ ಹೂಡಿದ್ದಾನೆ ಎಂದರು ಶೆಡ್ಡಿನವರು. ಇರಬಹುದು. ಮನೆಗೆ ಹೋಗಿ ಮಾಡುವುದಾದರೂ ಏನು? ಒಂದು ಖೋಲಿ, ಒಂದು ತಟ್ಟೆ. ಊಟದ ಹೊತ್ತಿಗೂ ಅವನು ಯಂತ್ರದ ಮುಂದಿನಿಂದ ಏಳುತ್ತಿರಲಿಲ್ಲ. ಯಾರೂ ಪಕ್ಕಕ್ಕೆ ಬಂದು ಕೂರುತ್ತಿರಲಿಲ್ಲ. ಅದು ಅವನನ್ನು ನೋಯಿಸುತ್ತಿತ್ತು.

ಸಂಜೆ ಮೇಲ್ವಿಚಾರಕಿ ಗೀತಾಂಜಲಿ ಬಂದು ನಿಂತಳು. ಹುಬ್ಬಳ್ಳಿ ಕಡೆಯ ಹುಡುಗಿ.

"ಕಾಕಾ, ಖರೇ ಹೇಳ್ರಿ. ಅದು ತಪ್ಪು ಅಂತ ನಿಮಗ ಗೊತ್ತೈತಿ."

"ತಪ್ಪಲ್ರಿ ಮೇಡಂ. ಕಲಿಸಿದವ್ರು ಹಂಗ ಕಲಿಸ್ಯಾರ."

"ಮ್ಯಾಲಿನವ್ರು ಭಾಳ ಸಿಟ್ಟಾಗ್ಯಾರ. ಈಗ ಕೆಂಪು ಒತ್ರಿ, ನಿಮ್ಮ ನೌಕರಿ ಕಾಯಂ ಮಾಡಸ್ತೇನಿ. ಇಲ್ಲಾಂದ್ರ ನಾಳಿಂದ ಬರಬ್ಯಾಡ್ರಿ. ನಿಮ್ಮ ಜಾಗಾಕ್ಕ ಬರೋರು ಒತ್ತೇ ಒತ್ತತಾರ."

ಇನ್ನೇನು ಬೇಕು? ಕೇಳದೆಯೇ ಸಿಕ್ಕಿದಂತೆ. ಬೆರಳೊಂದು ಆಡಿಸಿದರೆ ಸಾಯುವವರೆಗೂ ಅನ್ನ.

"ಇನ್ನೊಂದ್ಸಲ ನೋಡ್ತೇನ್ರಿ," ಎಂದ ಠಾಕಪ್ಪ.

ಸೂಜಿ ಮೇಲೆದ್ದಿತು. ಖಾಲಿ ಗಾಳಿಯಲ್ಲಿ ಎರಡು ಸಲ ಆಡಿ ಇಳಿಯಿತು. ಠಾಕಪ್ಪ ಹಸಿರು ಗುಂಡಿ ಒತ್ತಿದ, ಕಣ್ಣೊರೆಸಿಕೊಂಡ, ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಗೀತಾಂಜಲಿಗೆ ತಲೆಬುಡ ತಿಳಿಯಲಿಲ್ಲ. ಅವಳೇ ಬಗ್ಗಿ ಕೆಂಪು ಒತ್ತಿದಳು.

ಆ ಯಂತ್ರ ಕಸೂತಿ ಕಲಿತದ್ದು ಒಬ್ಬ ಹೆಂಗಸಿನ ಹಣೆಗೆ ಕ್ಯಾಮೆರಾ ಕಟ್ಟಿ ತೆಗೆದ ವಿಡಿಯೋಗಳಿಂದ. ಕ್ಯಾಮೆರಾಕ್ಕೆ ಕೈ ಕಂಡಿತ್ತು, ತಲೆ ಕಂಡಿರಲಿಲ್ಲ. ಠಾಕಪ್ಪನ ಹೆಂಡತಿ, ಹೋದ ವರ್ಷ ತೀರಿಕೊಂಡ ರಾಮಿಬಾಯಿ, ಸೂಜಿ ಸರಾಗ ಓಡಲೆಂದು, ಹೊಲಿಯುವ ನಡುನಡುವೆ ಅದನ್ನು ತನ್ನ ಎಣ್ಣೆಗೂದಲಿಗೆ ಎರಡು ಸಲ ಸವರಿಕೊಳ್ಳುತ್ತಿದ್ದಳು.