ಅಳೆಯದೆ ಬಿಟ್ಟ ಸೀಟು

ಪರದೆ ಮೇಲೇಳುವ ಹೊತ್ತಿಗೆ ಸರಿಯಾಗಿ ಟೈಲರನ ಕಣ್ಣಿಗೆ ತನ್ನ ಮುಂದಿನ ಕಂಬ ಬಿತ್ತು. ಇಬ್ಬರು ತಬ್ಬುವಷ್ಟು ದಪ್ಪ; ವೇದಿಕೆಯೆಲ್ಲ ಅದರ ಹಿಂದೆ.

ವಾರದ ಹಿಂದೆಯೇ ಅವನು ಟೇಪು ಹಿಡಿದು ಬಂದು, ಅಂಗಿಗೆ ಅಳತೆ ತೆಗೆದಂತೆ ಈ ರಂಗಮಂದಿರವನ್ನು ಅಳೆದಿದ್ದ. ಬಾಗಿಲ ಇಳಿಜಾರು, ಶೌಚಾಲಯದ ಅಗಲ, ಹೆಂಡತಿಯ ಗಾಲಿಕುರ್ಚಿ ನಿಲ್ಲುವ ಜಾಗ, ಯಾವುದನ್ನೂ ಬಿಟ್ಟಿರಲಿಲ್ಲ. ಅವಳ ಮುಂದೆ ಯಾರ ತಲೆಯೂ ಅಡ್ಡ ಬಾರದೆಂದು ಅಲ್ಲೇ ಕುಕ್ಕರಗಾಲಲ್ಲಿ ಕೂತು ಖಾತ್ರಿ ಮಾಡಿಕೊಂಡಿದ್ದ. ಪಕ್ಕದ ತನ್ನ ಸೀಟಿನಲ್ಲಿ ಕೂತು ನೋಡುವುದು ಮಾತ್ರ ಹೊಳೆದಿರಲಿಲ್ಲ. ಅವನ ಎತ್ತರಕ್ಕೆ ಯಾವ ಸೀಟಾದರೂ ನಡೆಯುತ್ತಿತ್ತು. ಕುಳ್ಳಗಿನ ಹೆಂಡತಿಗೆ ಮೂವತ್ತು ವರ್ಷ ನಾಟಕಕ್ಕೆ ಬಂದಾಗಲೆಲ್ಲ ಕಂಡದ್ದು ಮುಂದಿನವರ ತಲೆಗಳಷ್ಟೇ. ವೇದಿಕೆಯಲ್ಲಿ ನಡೆಯುವುದನ್ನು ಅವನೇ ಅವಳ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ. ಅದರಲ್ಲೂ ಕಥೆಗಿಂತ ಬಟ್ಟೆಯ ಸುದ್ದಿಯೇ ಜಾಸ್ತಿ.

ಕೊಕ್ಕರೆಯಂತೆ ಕತ್ತು ಚಾಚಿದ ಗಂಡನನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. "ಊರಿನೋರ ಅಳತೆಯೆಲ್ಲ ತೆಗೀತೀರಿ, ನಿಮ್ಮದೇ ಮರೆತ್ರಾ?"

"ಹೋಗ್ಲಿ ಬಿಡೇ, ನೀನು ನೋಡು. ನಿನಗೋಸ್ಕರ ತಾನೆ ಬಂದಿದ್ದು."

ಅವಳು ಅವನ ತೋಳು ಹಿಡಿದು ಹತ್ತಿರ ಎಳೆದುಕೊಂಡಳು.

"ಸ್ವಲ್ಪ ಬಗ್ಗಿ. ರಾಣಿ ಬಂದ್ಲು. ಎಡತೋಳಿನ ಹೊಲಿಗೆ ಬಿಟ್ಕೊಂಡಿದೆ ಕಣ್ರೀ."