ಕೂದಲೆಳೆಯಷ್ಟು ಸಡಿಲ

“ನಿಮ್ಮ ಹೊಸ ಗಾಜಿನಿಂದ ಹನ್ನೊಂದು ಜೀವ ಹೋಯಿತು. ಉಸಿರುಗಟ್ಟಿ.”

ಗ್ರಾಹಕರ ದೂರಿಗೆ ಉತ್ತರ ಬರೆಯುವ ನಿಂಗ್ ಸೈಯುನ್ ಕಂಪ್ಯೂಟರಿನ ಪರದೆಯನ್ನು ಎರಡು ಸಲ ಒರೆಸಿದಳು. ಅಕ್ಷರ ಹೋಗಲಿಲ್ಲ. ಯಾರಿಗೆ ಏನೇ ಬರೆದರೂ ‘ಪ್ರಿಯರೇ’ ಎಂದೇ ಶುರುಮಾಡಬೇಕೆನ್ನುವುದು ಆನ್‌ಲೈನ್ ಅಂಗಡಿಗಳ ಕಟ್ಟಳೆ. ಹಾಗೆಯೇ ಬರೆದಳು: “ಪ್ರಿಯರೇ, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ.”

ಉತ್ತರ ತಕ್ಷಣ ಬಂತು. “ನಾಳೆ ನಾನೇ ಬರುತ್ತೇನೆ.” ಹೆಸರು ಯಾವೋ ದೆಲಿನ್. ಊರು ಗುವಾಂಗ್‌ಝೌ.

ಶೆನ್‌ಜೆನ್ನಿನ ಶಾಜಿಂಗ್ ಪೇಟೆಯಲ್ಲಿ ವೇಪ್, ಅಂದರೆ ರಸ ಕಾಯಿಸಿ ಹಬೆ ಸೇದುವ ಇ-ಸಿಗರೇಟು, ತಯಾರಿಸುವ ಕಾರ್ಖಾನೆಗಳು ಅಣಬೆಯಂತೆ ಎದ್ದಿವೆ. ಅವುಗಳ ಸಂದಿಯಲ್ಲಿ, ಮೂರನೇ ಮಹಡಿಯ ಎರಡು ಕೋಣೆ ಸೈಯುನ್‌ಳ ಒಡತಿ ಕ್ವಾಂಗಕ್ಕನದು. ವೇಪಿನ ಗಾಜು ಒಡೆದುಕೊಂಡವರಿಗೆ ಬದಲಿ ಗಾಜು ಮಾರುವುದು ಅವಳ ವ್ಯಾಪಾರ. ಗಾಜೆಂದರೆ ಹೆಬ್ಬೆರಳು ತೂರುವಷ್ಟು ಅಗಲದ, ಎರಡೂ ಕಡೆ ಬಾಯಿ ಇರುವ ಗಿಡ್ಡ ಕೊಳವೆ. ಮೇಲಿನ ಮುಚ್ಚಳಕ್ಕೂ ಕೆಳಗಿನ ಮುಚ್ಚಳಕ್ಕೂ ಬಿಗಿಯಾಗಿ ಕೂರಬೇಕು. ಕೂದಲೆಳೆಯಷ್ಟು ಸಡಿಲವಾದರೂ ಒಳಗಿನ ರಸ ಸೋರಿ ಸೇದುವವನ ಜೇಬೆಲ್ಲ ಅಂಟಂಟು.

ಹೋದ ತಿಂಗಳು ಆದದ್ದೂ ಅದೇ. ಮಾರಾಟದ ಭರಾಟೆಯಲ್ಲಿ ಸೈಯುನ್ ತಪ್ಪು ಡಬ್ಬಿಗೆ ಕೈಹಾಕಿ, ಅಳತೆ ತಪ್ಪಿದ ಗಾಜುಗಳನ್ನು ನಲವತ್ತು ಜನರಿಗೆ ಕಳಿಸಿಬಿಟ್ಟಿದ್ದಳು. ಮೂವತ್ತೊಂಬತ್ತು ಜನ ಬೈದರು. ಒಬ್ಬ ತನ್ನ ಮದುವೆಯ ಪ್ಯಾಂಟಿನ ಫೋಟೋ ಕಳಿಸಿದ. ನಲವತ್ತನೆಯವನೇ ಈ ಯಾವೋ. ಐದು ನಕ್ಷತ್ರ ಕೊಟ್ಟು, “ಇಂಥ ಗಾಜಿಗಾಗಿ ಎಷ್ಟು ವರ್ಷ ಹುಡುಕಿದೆ! ಇನ್ನೂ ಹನ್ನೊಂದು ಕಳಿಸಿ” ಎಂದು ಬರೆದಿದ್ದ.

ಎಂಥ ದೊಡ್ಡ ಮನಸ್ಸು ಎಂದುಕೊಂಡಿದ್ದಳು ಸೈಯುನ್. ಅಂಥವನಿಗೆ ಮತ್ತೆ ಮೋಸವಾಗಬಾರದೆಂದು ಹನ್ನೊಂದನ್ನೂ ಕೂತು ತಾನೇ ಅಳೆದಳು. ಒಂದೊಂದನ್ನೂ ಮುಚ್ಚಳಕ್ಕೆ ಕೂರಿಸಿ, ನೀರು ತುಂಬಿ, ತಲೆಕೆಳಗು ಹಿಡಿದಳು. ಒಂದು ಹನಿ ಸೋರಲಿಲ್ಲ. ಜೊತೆಗೊಂದು ಚೀಟಿ ಇಟ್ಟಳು: ‘ಪ್ರಿಯರೇ, ಈ ಸಲ ಗಾಳಿಯೂ ನುಸುಳದು.’

ಅವೇ ಹನ್ನೊಂದು.

“ಗೆಳೆಯರಿಗೆಲ್ಲ ಹಂಚಿರ್ತಾನೆ ಕಣೇ, ಆ ಯಾವೋ,” ಎಂದಳು ಕ್ವಾಂಗಕ್ಕ. “ಇದೊಂದು ದೂರು ಹಾಗೇ ಉಳಿದರೆ ಅಂಗಡಿಗೆ ಬೀಗ. ನಾಳೆ ಸಂಜೆ ಒಳಗೆ ಅವನು ವಾಪಸ್ ತಗೋಬೇಕು. ಇಲ್ಲಾಂದ್ರೆ ನೀನು ಹಾಸಿಗೆ ಸುತ್ಕೋ.”

ಬರಿಯ ಮಾತಲ್ಲ ಅದು. ಶಾಜಿಂಗ್‌ನಲ್ಲಿ ಕೆಲಸ ಹೋದರೆ ಮಾಲೀಕರು ಮಲಗಲು ಕೊಟ್ಟ ಮಂಚವೂ ಹೋಗುತ್ತದೆ.

ಮರುದಿನ ಮಧ್ಯಾಹ್ನ ಯಾವೋ ಅಜ್ಜ ಬಂದ. ಡಿಸೆಂಬರ್ ಆದರೂ ಬೀದಿಯಲ್ಲಿ ಎಲ್ಲರೂ ಅರ್ಧ ತೋಳಿನ ಅಂಗಿಯಲ್ಲಿದ್ದರು. ಅಜ್ಜ ಮಾತ್ರ ಹತ್ತಿ ತುಂಬಿದ ದಪ್ಪ ಕೋಟು ತೊಟ್ಟು, ಕುತ್ತಿಗೆಯವರೆಗೆ ಗುಂಡಿ ಹಾಕಿದ್ದ. ಒಂದೊಂದೇ ಮೆಟ್ಟಿಲು ಹತ್ತಿದ. ಬಲಗೈ ಎದೆಯ ಮೇಲಿಂದ ಸರಿಯಲಿಲ್ಲ. ಕ್ವಾಂಗಕ್ಕ ಫ್ಯಾನ್ ಹಾಕಲು ಹೋದರೆ, ಬೇಡ, ಗಾಳಿ ಆಗಿಬರುವುದಿಲ್ಲ ಎಂದ. ಪಕ್ಕದ ಕೋಣೆಯಿಂದ ವೇಪಿನ ಹಬೆ ತೇಲಿ ಬಂದಾಗ ಕೋಟನ್ನು ಎರಡೂ ಕೈಯಿಂದ ಅವುಚಿಕೊಂಡು ಗೋಡೆಗೆ ಮುಖ ಮಾಡಿದ.

ಆಗ ಸೈಯುನ್‌ಗೆ ಕೇಳಿಸಿತು. ಅಜ್ಜನ ಎದೆಯಿಂದ ಸಣ್ಣ ಸಿಳ್ಳೆ. ಸುಯ್, ಸುಯ್, ಸುಯ್. ಉಸಿರು ಎಳೆದ ಹಾಗೆ, ಬಿಟ್ಟ ಹಾಗೆ.

ಹನ್ನೆರಡನೆಯ ಜೀವ ಇದು ಎಂದುಕೊಂಡಳು.

ಕ್ವಾಂಗಕ್ಕ ಚಹಾ ಕೊಟ್ಟಳು. ಅಜ್ಜ ಗುಟುಕು ನುಂಗುವಾಗಲೂ ಸಿಳ್ಳೆ ನಿಲ್ಲಲಿಲ್ಲ. ಆಸ್ಪತ್ರೆ ಇಲ್ಲೇ ಹತ್ತಿರವಿದೆ, ಖರ್ಚೆಲ್ಲ ತಮ್ಮದೇ ಎಂದಳು ಅವಳು. ತನಗೇನಾಗಿದೆ ಎಂದು ಅಜ್ಜ ಕೇಳಿದ. ಇಬ್ಬರೂ ಅವನ ಎದೆಯನ್ನೇ ನೋಡಿದರು.

“ಇದು ಚೆನ್ನಾಗೇ ಇದೆ,” ಎಂದ ಅಜ್ಜ, ಎದೆ ಸವರಿ. “ಚಳಿಗಾಲ ಒಂದು ದಾಟಿದರೆ ಸಾಕು.” ಲೋಟ ಕೆಳಗಿಟ್ಟ. “ಮಲಗೋವಾಗ ಮನೆ ತುಂಬ ಹಾಡಿತ್ತಮ್ಮ. ಬೆಳಿಗ್ಗೆ ಎದ್ದರೆ ಸದ್ದೇ ಇಲ್ಲ. ಗಾಜಿನ ತುಂಬ ಮಂಜು.”

ಸೈಯುನ್‌ಗೆ ತಡೆಯಲಾಗಲಿಲ್ಲ. “ತಪ್ಪು ನಂದೇ ಅಜ್ಜ. ಮೊದಲು ಕಳಿಸಿದ್ದು ಎಸೆಯೋ ಗಾಜು. ಆಮೇಲಿನ ಹನ್ನೊಂದನ್ನೂ ನಾನೇ ಅಳೆದು, ಬಿಗಿಯಾಗಿ ಕೂರೋದನ್ನೇ ಆರಿಸಿ ಕಳಿಸಿದೆ.”

“ಹಾಗೇ ಅನ್ನಿಸಿತ್ತು,” ಎಂದ ಅಜ್ಜ. “ಯಾರೋ ಮನಸ್ಸಿಟ್ಟು ಮಾಡಿದ ಕೆಲಸ.” ನಂತರ ದನಿ ತಗ್ಗಿಸಿ ಕೇಳಿದ, “ಆ ಎಸೆಯೋ ಗಾಜು ಇನ್ನೂ ಉಳಿದಿದೆಯಾ?”

ಅವಳು ಕೆಂಪು ಚೀಟಿಯ ಡಬ್ಬಿಯನ್ನೇ ತಂದಿಟ್ಟಳು. ಅಜ್ಜ ಒಂದು ಗಾಜು ಆರಿಸಿ, ಮೇಜಿನ ಮೇಲಿದ್ದ ಮುಚ್ಚಳಗಳ ನಡುವೆ ಕೂರಿಸಿ, ಕಿವಿಯ ಬಳಿ ಅಲ್ಲಾಡಿಸಿದ. ಲೊಟಲೊಟ ಎಂದಿತು. ಅವನ ಮುಖ ಅರಳಿತು. ಜೇಬಿನಿಂದ ಫೋನ್ ತೆಗೆದು, ಕನ್ನಡಕ ಹಣೆಗೇರಿಸಿ, ಒಂದೇ ಬೆರಳಿನಲ್ಲಿ ಒತ್ತುತ್ತ ದೂರು ವಾಪಸು ಪಡೆದ. ಕ್ವಾಂಗಕ್ಕ ಕುರ್ಚಿಯಲ್ಲಿ ಕುಸಿದಳು. ಸೈಯುನ್‌ಳ ಮಂಚ ಉಳಿಯಿತು.

“ಆದರೆ ಅಜ್ಜ,” ಎಂದಳು ಕ್ವಾಂಗಕ್ಕ, ಉಸಿರು ಬಂದ ಮೇಲೆ, “ಇದು ಸೋರುತ್ತೆ. ಸೇದೋಕಾಗಲ್ಲ.”

“ನಾನ್ಯಾಕೆ ಸೇದಲಿ?” ಎಂದ ಅಜ್ಜ, ಕೋಟಿನ ಗುಂಡಿ ಬಿಚ್ಚುತ್ತ.

ಎದೆಯ ಒಳಜೇಬಿನಿಂದ ಹೊರಬಂದದ್ದು ಸೈಯುನ್ ತಪ್ಪಿ ಕಳಿಸಿದ್ದ ಮೊದಲ ಗಾಜು. ಅದರೊಳಗೆ ಹಾಡು ಕೇಳಲೆಂದು ಸಾಕಿದ, ಕುಂಬಳದ ಬೀಜಕ್ಕಿಂತ ಚಿಕ್ಕದಾದ ಹಳದಿ ಜೀರುಂಡೆಯೊಂದು, ಸತ್ತ ಹನ್ನೊಂದರ ಜೊತೆಯದು, ಸಡಿಲ ಮುಚ್ಚಳದ ಸಂದಿಯಿಂದ ಬಂದಷ್ಟು ಗಾಳಿಯಲ್ಲಿ ರೆಕ್ಕೆ ಎತ್ತಿ, ಅದೇ ಸಿಳ್ಳೆಯನ್ನು ಮುಂದುವರಿಸಿತು.